ಟ್ರೈನಿಂಗ್ ಮಿಸ್ಸು ಮತ್ತು ಒಂದು ತಪ್ಪು ಲೆಕ್ಕ



ಈ ಸಲದ ಗೋಡೆ ಪತ್ರಿಕೆಗೆ ನಾನು ಒಂದು ಲೆಕ್ಕದ ಒಗಟು ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಒಗಟು ಕೊನೆಯಲ್ಲಿದೆ. ಅದಕ್ಕೂ ಮುಂಚೆ ಒಂದು ವಿಷಯ ಹೇಳಬೇಕು. ಅದನ್ನು ನಾನು ಲೆಕ್ಕದ ಮಿಸ್ಸಿಗೆ ಮಾತ್ರ ಹೇಳಿದ್ದೇನೆ, ನಿಮಗೆ ಯಾರಿಗೂ ಹೇಳಿಲ್ಲ. ದಸರಾ ರಜಕ್ಕೆ ಮುಂಚೆ ಅವರು ಹೊರಟು ಹೋಗುವಾಗ, "ಧೈರ್ಯ ಬಂದಾಗ ಅದನ್ನ ಗೋಡೆ ಪತ್ರಿಕೆಗೆ ಬರಿ" ಎಂದಿದ್ದರು. ಈಗ ಸ್ವಲ್ಪ ಧೈರ್ಯ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಜುಲೈ ತಿಂಗಳಲ್ಲಿ ಹಾಸನದಿಂದ ಬಿ.ಎಡ್. ಕಲಿಯುವ ನಾಲ್ಕು ಜನ ನಮ್ಮ ಶಾಲೆಗೆ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮೇಷ್ಟ್ರು ಅವರನ್ನು ಸಾಲಾಗಿ ನಿಲ್ಲಿಸಿ, "ಇವರು ನಿಮಗೆ ಪಾಠ ಮಾಡೋದನ್ನ ಕಲಿಯೋಕೆ ಬಂದಿದ್ದಾರೆ. ನೀವು ಇವರಿಗೆ ಸಹಕಾರ ಕೊಡಬೇಕು" ಎಂದರು. ಮೇಷ್ಟ್ರಾಗುವವರೂ ಕಲಿಯಬೇಕು ಎನ್ನುವುದು ನನಗೆ ಅವತ್ತೇ ತಿಳಿದದ್ದು. ಹೆಡ್ ಮೇಷ್ಟ್ರು ಟಿ.ಸಿ.ಎಚ್. ಮಾಡುವಾಗ ಸುತ್ತಿಡುವ ರೋಲಪ್ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹಳ್ಳಿ ಶಾಲೆಗಳಿಗೆ ಪಾಠ ಕೊಡಲು ಹೋಗುತ್ತಿದ್ದರಂತೆ. ಬಿ.ಎಡ್. ಮೊದಲು ಒಂದೇ ವರ್ಷ ಇತ್ತಂತೆ. 2015ರಿಂದ ಎರಡು ವರ್ಷ ಆಗಿದೆ. ಅದರಲ್ಲಿ ಒಟ್ಟು 20 ವಾರ ಶಾಲೆಗಳಲ್ಲೇ ಇರಬೇಕಂತೆ.

ನಾಲ್ಕು ಜನರಲ್ಲಿ ಗಣಿತಕ್ಕೆ ಬಂದವರು ಒಬ್ಬ ಮಿಸ್ಸು. ಅವರದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಬೆಳಿಗ್ಗೆ ಎದ್ದು ಅವರೂರಿಂದ ಚನ್ನರಾಯಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳೆನರಸೀಪುರಕ್ಕೆ ಇನ್ನೊಂದು, ಅಲ್ಲಿಂದ ಅರಕಲಗೂಡು ಕಡೆಗೆ ಹೋಗುವ ಮೂರನೇ ಬಸ್ಸು ಹತ್ತಿ ನಮ್ಮೂರ ಗೇಟಿನಲ್ಲಿ ಇಳಿದು ನಡೆದು ಬರುತ್ತಿದ್ದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಗಿರುವುದರಿಂದ ಬಸ್ಸಿಗೆ ದುಡ್ಡಿಲ್ಲ. ಆದರೆ ಸೀಟೂ ಇಲ್ಲ ಎಂದು ನಗುತ್ತಿದ್ದರು. ಒಂದು ಕೈಯಲ್ಲಿ ಟಿಫಿನ್ ಬ್ಯಾಗು, ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು. ಮಳೆ ಬಂದ ದಿನ ತಾವು ನೆನೆದರೂ ಶೀಟಿಗೆ ಮಾತ್ರ ಪ್ಲಾಸ್ಟಿಕ್ ಕವರು ಹಾಕಿರುತ್ತಿದ್ದರು.

ಮೊದಲನೇ ದಿನ ಅವರು ನಮ್ಮ ಕ್ಲಾಸಿಗೆ ಬಂದಾಗ ದಿನಾಂಕ ಬರೆಯುವಷ್ಟರಲ್ಲಿ ಎರಡು ಸಲ ಸೀಮೆಸುಣ್ಣ ಮುರಿಯಿತು. ಹಿಂದಿನ ಬೆಂಚಿನ ಹುಡುಗರು ಕಿಸಕ್ ಎಂದರು. ನಾನೂ ನಕ್ಕೆ. ಅವರ ಹತ್ತಿರ ಒಂದು ಉದ್ದನೆಯ ಪುಸ್ತಕ ಇತ್ತು. ಅದಕ್ಕೆ ಪಾಠ ಯೋಜನೆ ಎನ್ನುತ್ತಾರೆ. ಪಾಠದ ಉದ್ದೇಶ ಏನು, ಪಾಠೋಪಕರಣ ಯಾವುದು, ಯಾವ ಚಟುವಟಿಕೆ, ಕೊನೆಗೆ ಏನು ಪ್ರಶ್ನೆ ಎಂದು ಮನೆಯಲ್ಲೇ ಗೆರೆ ಹಾಕಿ ಬರೆದುಕೊಂಡು ಬರಬೇಕು. ಒಂದು ದಿನ ಅದನ್ನು ಇಣುಕಿ ನೋಡಿದೆ. ಒಂದು ಕಡೆ ಅವರು ಕೇಳುವ ಪ್ರಶ್ನೆ, ಅದರ ಪಕ್ಕದಲ್ಲಿ ನಾವು ಹೇಳುವ ಉತ್ತರ! ನಾವು ಬಾಯಿ ಬಿಡುವ ಮುಂಚೆಯೇ ನಮ್ಮ ಉತ್ತರ ಬರೆದಾಗಿತ್ತು. ಆದರೆ ನಾವು ಯಾರೂ ಆ ಉತ್ತರ ಹೇಳುತ್ತಿರಲಿಲ್ಲ. "ಸೊನ್ನೆಗಿಂತ ಚಿಕ್ಕ ಸಂಖ್ಯೆ ಇದೆಯಾ?" ಎಂದು ಕೇಳಿದರೆ ಪುಸ್ತಕದಲ್ಲಿ "ಇದೆ" ಎಂದಿತ್ತು. ನಮ್ಮ ಕ್ಲಾಸಿನ ಒಬ್ಬ, "ಸೊನ್ನೇನೇ ಏನೂ ಇಲ್ಲ, ಅದಕ್ಕಿಂತ ಚಿಕ್ಕದು ಎಲ್ಲಿಂದ ಬತ್ತದೆ ಮಿಸ್?" ಎಂದ. ಪಾಪ, ಮಿಸ್ಸು ಪುಸ್ತಕ ನೋಡಿದರು. ಅದರಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಮಾರನೇ ದಿನ ಅವರು ಪುಸ್ತಕ ಮೇಜಿನ ಮೇಲೆ ಮುಚ್ಚಿಟ್ಟು ಹಗ್ಗ ತಂದರು. ರಟ್ಟು ಕತ್ತರಿಸಿ ಸಂಖ್ಯೆ ಬರೆದು, ಕಿಟಕಿಯಿಂದ ಬಾಗಿಲವರೆಗೆ ಹಗ್ಗ ಕಟ್ಟಿ ನೇತುಹಾಕಿದರು. ನಡುವೆ ಸೊನ್ನೆ, ಬಲಗಡೆ ಧನ, ಎಡಗಡೆ ಋಣ. "ಋಣ ಅಂದ್ರೆ ಏನು?" ಎಂದು ಕೇಳಿದರು. "ಸಾಲ ಮಿಸ್" ಎಂದು ಎಲ್ಲರೂ ಕೂಗಿದೆವು. "ಅಂಗಡೀಲಿ 12 ರೂಪಾಯಿ ಸಾಲ ಇದೆ. ಕೈಯಲ್ಲಿ ಏನೂ ಇಲ್ಲ. ಈಗ ನಿಮ್ಮ ಹತ್ರ ಎಷ್ಟಿದೆ?" ಸೊನ್ನೆಗಿಂತ ಚಿಕ್ಕದು ಎಲ್ಲಿದೆ ಎಂದು ಕೇಳಿದವನೇ, "ಮೈನಸ್ 12" ಎಂದ. "ಅಂಗಡಿಯವನು 7 ರೂಪಾಯಿ ಸಾಲ ಬಿಟ್ಟುಬಿಟ್ಟ. ಸಾಲದಲ್ಲಿ ಸಾಲ ಕಳೆದ. ಈಗ?" "ಮೈನಸ್ 5." ನಾನು ಮನೆಗೆ ಹೋಗಿ ಅಜ್ಜಿಗೆ ಇದನ್ನು ಹೇಳಿದೆ. ಅಜ್ಜಿ, "ಅದೇನು ದೊಡ್ಡ ವಿದ್ಯೆಯವ್ವಾ? ಸಾಲ ಕಳುದ್ರೆ ಸಂಪಾದನೆ ಮಾಡ್ದಂಗೇ ಅಲ್ವಾ" ಎಂದಿತು. ನಮ್ಮಜ್ಜಿ ಸ್ಕೂಲಿಗೆ ಹೋದವಳಲ್ಲ.

ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ ಬರುತ್ತದೆ ಎನ್ನುವುದು ನಮಗೆ ಯಾರಿಗೂ ತಲೆಗೆ ಹೋಗಿರಲಿಲ್ಲ. ಅದಕ್ಕೆ ಮಿಸ್ಸು ಗೊರೂರು ಅಣೆಕಟ್ಟೆ ತಂದರು. ಹೇಮಾವತಿಗೆ ಕಟ್ಟಿದ ಆ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಅದು ತುಂಬಿದಾಗ ನೀರಿನ ಮಟ್ಟ 2922 ಅಡಿ. ಈ ಸಂಖ್ಯೆ ನಮ್ಮ ಅಪ್ಪಂದಿರಿಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತು. "ದಿನಕ್ಕೆ 2 ಅಡಿ ನೀರು ಇಳೀತಾ ಇದೆ ಅಂದುಕೊಳ್ಳಿ. ಇಳಿಯೋದು ಮೈನಸ್ 2. ಮೂರು ದಿನದ ಹಿಂದೆ, ಅಂದ್ರೆ ಮೈನಸ್ 3 ದಿನ, ನೀರು ಇವತ್ತಿಗಿಂತ ಎಷ್ಟು ಮೇಲಿತ್ತು?" 6 ಅಡಿ ಮೇಲಿತ್ತು! ಮೈನಸ್ 2 ಗುಣಿಸು ಮೈನಸ್ 3, ಪ್ಲಸ್ 6. ನನಗೆ ಮೈ ಜುಮ್ಮೆಂದಿತು. ಒಬ್ಬ ಹುಡುಗ ಮಾತ್ರ, "ದಿನಕ್ಕೆ ಎರಡಡಿ ಬಿಟ್ರೆ ಹೊಳೆ ದಂಡೆ ಗದ್ದೆಯೆಲ್ಲ ಮುಳುಗೋಯ್ತವೆ ಮಿಸ್" ಎಂದ. ಮಿಸ್ಸು, "ಲೆಕ್ಕದಲ್ಲಿ ಬಿಟ್ಟಿದ್ದು ಕಣಪ್ಪ, ಗದ್ದೆ ಮುಳುಗಲ್ಲ" ಎಂದರು. ಅವತ್ತಿನಿಂದ ಹಿಂದಿನ ಬೆಂಚಿನವರು ಅವರಿಗೆ ಮೈನಸ್ ಮಿಸ್ಸು ಎಂದು ಹೆಸರಿಟ್ಟರು. ಅದು ಅವರಿಗೂ ಗೊತ್ತಿತ್ತು.

ಅವರ ಕೆಲಸ ಪಾಠ ಮಾತ್ರ ಅಲ್ಲ. ಬೆಳಿಗ್ಗೆ ಹಾಲು ಕೊಡುವಾಗ ಲೋಟ ಎಣಿಸುತ್ತಿದ್ದರು. ಯಾರಾದರೂ ಮೇಷ್ಟ್ರು ಮೀಟಿಂಗಿಗೆ ಹೋದರೆ ಆ ಕ್ಲಾಸಿಗೆ ಇವರನ್ನೇ ಕಳಿಸುತ್ತಿದ್ದರು. ಒಂದು ದಿನ ಒಂದನೇ ಕ್ಲಾಸಿನ ಮಗು ಇವರ ಸೆರಗು ಹಿಡಿದು ಅಳುತ್ತಿದ್ದರೆ, ಮಿಸ್ಸು ಒಂದು ಕೈಯಲ್ಲಿ ಅದನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ನಮಗೆ ಲೆಕ್ಕ ಬರೆಯುತ್ತಿದ್ದರು. ಹೋಬಳಿ ಮಟ್ಟದ ಕ್ರೀಡಾಕೂಟದ ಪ್ರಾಕ್ಟೀಸ್ ಇದ್ದ ವಾರ ರಾತ್ರಿಯೆಲ್ಲ ಕೂತು ಬರೆದ ಪಾಠ ಯೋಜನೆ ಮೂರು ದಿನ ಹಾಗೇ ವಾಪಸ್ ಹೋಯಿತು.

ಒಂದು ದಿನ ನಾವು, "ಈ ಗಣಿತವೆಲ್ಲ ಇಂಗ್ಲಿಷಿನವರು ಕಂಡುಹಿಡಿದಿದ್ದಾ ಮಿಸ್?" ಎಂದು ಕೇಳಿದೆವು. ಅವರು ಅರ್ಧ ಪೀರಿಯಡ್ ಪಾಠ ನಿಲ್ಲಿಸಿ ಕತೆ ಹೇಳಿದರು. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಎಂಬುವರು ಗಣಿತಸಾರಸಂಗ್ರಹ ಎಂಬ ಗ್ರಂಥ ಬರೆದರು. ಅದು ಸಂಸ್ಕೃತದ್ದು. ಆಮೇಲೆ 12ನೇ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ರಾಜಾದಿತ್ಯ ಎಂಬ ಕವಿ ಕನ್ನಡದಲ್ಲೇ ವ್ಯವಹಾರಗಣಿತ ಎಂದು ಬರೆದ. ವ್ಯವಹಾರ ಎಂದರೆ ಕೊಡುವುದು, ಕೊಳ್ಳುವುದು, ಅಳೆಯುವುದು. "ಹಳೇಬೀಡು ಆಳಿದವರ ಕಾಲದಲ್ಲೇ ಕನ್ನಡದವರು ಕನ್ನಡದಲ್ಲಿ ಲೆಕ್ಕ ಕಲೀತಿದ್ರು. ನಿಮಗೇನು ಭಯ?" ಎಂದರು. ನಮ್ಮ ಜಿಲ್ಲೆಯ ಹಳೇಬೀಡಿಗೂ ನಮ್ಮ ಲೆಕ್ಕದ ಪುಸ್ತಕಕ್ಕೂ ಸಂಬಂಧ ಇದೆ ಎಂದು ನಾನು ಅಂದುಕೊಂಡೇ ಇರಲಿಲ್ಲ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಜುಲೈ ಕೊನೆಯಲ್ಲಿ ಅವರ ಕಾಲೇಜಿನಿಂದ ಲೆಕ್ಚರರ್ ಸಾರ್ ಪಾಠ ನೋಡಲು ಬರುತ್ತಾರೆ ಎಂದು ಗೊತ್ತಾಯಿತು. ಅದಕ್ಕೆ ಮಾರ್ಕ್ಸ್ ಇರುತ್ತದೆ. ಹಿಂದಿನ ದಿನ ನಾವೇ ನಾವೇ ಕ್ಲಾಸಿನಲ್ಲಿ ಮಾತಾಡಿಕೊಂಡೆವು. "ನಾಳೆ ಯಾರೂ ತರಲೆ ಮಾಡಬಾರದು. ಎದುರು ಮಾತಾಡಬಾರದು. ಮಿಸ್ಸಿನ ಮರ್ಯಾದೆ ಹೋಗಬಾರದು." ಈ ಮಾತು ಮೊದಲು ಹೇಳಿದವಳು ನಾನೇ.

ಸಾರ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕ್ಲಾಸು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅಡಿಗೆ ಮನೆಯ ಕುಕ್ಕರ್ ಕೂಗು ಲೆಕ್ಕ ಹಾಕಬಹುದಿತ್ತು. ಮಿಸ್ಸು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಕೈ ನಡುಗುತ್ತಿತ್ತು. ಹಿಂದಿನ ಪಾಠ ನೆನಪಿಸಲು ಬೋರ್ಡಿನ ಮೇಲೆ

−12 − (−7) = −19

ಎಂದು ಬರೆದರು.

ನನಗೆ ಎದೆ ಧಸಕ್ಕೆಂದಿತು. ಅದು −5. ಅಂಗಡಿ ಸಾಲದ ಲೆಕ್ಕ. ಅಜ್ಜಿಗೂ ಗೊತ್ತಿರುವ ಲೆಕ್ಕ. ಮಿಸ್ಸು ಗಾಬರಿಯಲ್ಲಿ ಬರೆದಿದ್ದಾರೆ ಎಂದು ಗೊತ್ತಾಯಿತು. ಕೈ ಎತ್ತಲೇ ಎಂದುಕೊಂಡೆ. ಸಾರ್ ಮುಂದೆ ಹೇಳಿದರೆ ಮಿಸ್ಸಿಗೆ ಅವಮಾನ, ಮಾರ್ಕ್ಸ್ ಬೇರೆ ಕಟ್ಟಾಗುತ್ತದೆ ಎಂದು ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡೆ. "ಎಲ್ಲರಿಗೂ ಅರ್ಥವಾಯಿತಾ?" ಎಂದರು ಮಿಸ್ಸು. "ಆಯ್ತು ಮಿಸ್" ಎಂದು 23 ಜನವೂ ಒಟ್ಟಿಗೆ ಹೇಳಿದೆವು. ನನ್ನ ದನಿ ಎಲ್ಲರಿಗಿಂತ ಜೋರಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ನಾನು ತಟ್ಟೆ ತೊಳೆಯಲು ನಲ್ಲಿ ಹತ್ತಿರ ಹೋಗಿದ್ದೆ. ಹೊಂಗೆ ಮರದ ಆಚೆ ಸಾರ್ ಮತ್ತು ಮಿಸ್ಸು ನಿಂತಿದ್ದರು. ಸಾರ್ ಹೇಳುತ್ತಿದ್ದರು: "ಕೈ ತಪ್ಪೋದು ಎಲ್ಲರಿಗೂ ಆಗುತ್ತಮ್ಮ, ನನಗೂ ಆಗುತ್ತೆ. ಅದಕ್ಕೆ ನಾನು ಮಾರ್ಕ್ಸ್ ಕಳೆಯಲ್ಲ. ಆದರೆ 23 ಮಕ್ಕಳಲ್ಲಿ ಒಬ್ಬರೂ ಅದನ್ನ ಗುರುತಿಸಲಿಲ್ಲವಲ್ಲ. ಹಾಗಾದರೆ ಎರಡು ವಾರದಿಂದ ಅವರು ಕಲಿತದ್ದೇನು?" ಮಿಸ್ಸು ತಲೆ ತಗ್ಗಿಸಿ, "ಮಕ್ಕಳಿಗೆ ಅರ್ಥ ಆಗಿದೆ ಅಂದುಕೊಂಡಿದ್ದೆ ಸಾರ್" ಎಂದರು.

ನನ್ನ ಕೈಯಲ್ಲಿದ್ದ ತಟ್ಟೆ ತೊಳೆದದ್ದೇ ತೊಳೆದದ್ದು. ನಾನು ಸುಮ್ಮನಿದ್ದದ್ದು ಅವರ ಮರ್ಯಾದೆ ಉಳಿಸಲಿಕ್ಕೆ. ಹೋದದ್ದೂ ಅದರಿಂದಲೇ. ಮಾರನೇ ದಿನ ಮಿಸ್ಸು ಬೋರ್ಡಿನ ಮೇಲೆ ಅದೇ ಲೆಕ್ಕ ಬರೆದು, "ನಿನ್ನೆ ನಾನು ತಪ್ಪು ಮಾಡಿದೆ. ಯಾರಿಗಾದರೂ ಗೊತ್ತಿತ್ತಾ?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅವರು ಒಂದು ಗಳಿಗೆ ನಿಂತು ನೋಡಿ, ಹಗ್ಗ ಮತ್ತು ರಟ್ಟು ತೆಗೆದು ಪಾಠವನ್ನು ಮೊದಲಿನಿಂದ ಶುರು ಮಾಡಿದರು. ಗೊತ್ತಿದ್ದ ಪಾಠವನ್ನೇ ಅವರು ಮತ್ತೆ ಬೆವರು ಸುರಿಸಿ ಹೇಳುತ್ತಿದ್ದರೆ ನನಗೆ ತಲೆ ಎತ್ತಿ ನೋಡಲು ಆಗಲಿಲ್ಲ.

ಹೀಗೇ ಒಂದು ತಿಂಗಳು ಕಳೆಯಿತು. ನಮ್ಮ ಮನೆಯಲ್ಲಿ ಆಲೂಗಡ್ಡೆ ಕಿತ್ತೆವು. ವ್ಯಾಪಾರಿ ಟೆಂಪೋ ತಂದು ಹೊಲದ ಹತ್ತಿರವೇ ತೂಕ ಹಾಕಿದರು. 18 ಚೀಲ, ಒಂದೊಂದು 50 ಕೆ.ಜಿ., ಕೆ.ಜಿ.ಗೆ 20 ರೂಪಾಯಿ. ಅವರು 17,640 ರೂಪಾಯಿ ಎಂದರು. ಅಪ್ಪ ತಲೆ ಆಡಿಸಿ ದುಡ್ಡು ತೆಗೆದುಕೊಳ್ಳುತ್ತಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 18,000 ಬರಬೇಕು. 360 ಕಮ್ಮಿ! ಈ ಸಲ ಸುಮ್ಮನಿರಬಾರದು ಎಂದು, "ಅಣ್ಣ, ಲೆಕ್ಕ ತಪ್ಪಾಗಿದೆ" ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಅಪ್ಪ, "ಸುಮ್ಕಿರವ್ವಾ" ಎಂದಿತು. ವ್ಯಾಪಾರಿ ಸಿಟ್ಟಾಗಲಿಲ್ಲ. "ಕೂಸು ಲೆಕ್ಕ ಸರಿಯಾಗೇ ಹಾಕದೆ ಗೌಡ್ರೇ. ಆದ್ರೆ ಗೋಣಿಚೀಲಕ್ಕೆ ದುಡ್ಡು ಕೊಡೋಕಾಯ್ತದಾ? ಚೀಲಕ್ಕೆ ಒಂದು ಕೆ.ಜಿ. ಕಳ್ದಿದ್ದೀನಿ" ಎಂದರು. 18 ಚೀಲಕ್ಕೆ 18 ಕೆ.ಜಿ., 18 ಇಪ್ಪತ್ತಲ 360. ನಾನು ಚೀಲದ ತೂಕವನ್ನೇ ಮರೆತಿದ್ದೆ. ಆಳುಗಳೆಲ್ಲ ನಕ್ಕರು. ಕಿವಿ ಬಿಸಿಯಾಯಿತು, ನಿಂತ ನೆಲವೇ ಕುಸಿದಂತಾಯಿತು. ಬೋರ್ಡಿನ ಮುಂದೆ ಕೈ ನಡುಗುತ್ತಿದ್ದ ಮಿಸ್ಸು ಆಗ ಕಣ್ಣ ಮುಂದೆ ಬಂದರು. ಎಲ್ಲರ ಎದುರಿಗೆ ತಪ್ಪುವುದು ಎಂದರೆ ಹೀಗಿರುತ್ತದೆ. ಆದರೂ ಅವರು ಮಾರನೇ ದಿನ ಬಂದು, "ನಾನು ತಪ್ಪು ಮಾಡಿದೆ" ಎಂದು 23 ಜನರ ಮುಂದೆ ಹೇಳಿದ್ದರು.

ಆಮೇಲೆ ವ್ಯಾಪಾರಿಯೇ ಒಂದು ಬರಿ ಚೀಲ ತಕ್ಕಡಿ ಮೇಲೆ ಇಟ್ಟು, "ನೋಡವ್ವಾ" ಎಂದರು. ಕರೆಂಟಿನ ತಕ್ಕಡಿ 900 ಗ್ರಾಂ ತೋರಿಸಿತು. "ಮಿಕ್ಕ 100 ಗ್ರಾಂ ಮಣ್ಣಿಗೆ" ಎಂದು ನಕ್ಕರು. ಟೆಂಪೋ ಹೋದ ಮೇಲೆ ಅಪ್ಪ ನನಗೆ ಬೈಯಲಿಲ್ಲ. "ನಾನು ಇಷ್ಟು ವರ್ಷದಿಂದ ಮಾರ್ತಿದ್ದೀನಿ, ಚೀಲಕ್ಕೆ ಎಷ್ಟು ಕಳೀತಾರೆ ಅಂತ ಒಂದಿನಾನೂ ಕೇಳಿರ್ಲಿಲ್ಲ ಕಣವ್ವಾ. ಇನ್ಮೇಲೆ ಮೊದ್ಲು ಬರಿ ಚೀಲ ತೂಗ್ಸನ, ಮಣ್ಣನೂ ಕೊಡವನ" ಎಂದಿತು.

ಸೋಮವಾರ ಬೆಳಿಗ್ಗೆ ನಾನು ಗೇಟಿಗೇ ಹೋಗಿ ಬಸ್ಸಿಗೆ ಕಾದೆ. ಮಿಸ್ಸು ಇಳಿದ ತಕ್ಷಣ ಅವರ ಡ್ರಾಯಿಂಗ್ ಶೀಟು ತೆಗೆದುಕೊಂಡು, ದಾರಿಯಲ್ಲಿ ಎಲ್ಲ ಹೇಳಿದೆ. "ಮಿಸ್, ಅವತ್ತು ಆ ಲೆಕ್ಕ ತಪ್ಪು ಅಂತ ನನಗೆ ಗೊತ್ತಿತ್ತು. ನಿಮ್ಮ ಮಾರ್ಕ್ಸ್ ಹೋಗುತ್ತೆ ಅಂತ ಹೇಳಲಿಲ್ಲ. ಮಾರನೇ ದಿನ ಕೇಳಿದಾಗಲೂ ಹೇಳಲಿಲ್ಲ." ಮಿಸ್ಸು ಸ್ವಲ್ಪ ದೂರ ಮಾತೇ ಆಡಲಿಲ್ಲ. ನನಗೆ ಅಳು ಬರುವಂತಾಯಿತು. ಕೆರೆ ಏರಿ ಹತ್ತಿರ ನಿಂತು, "ಅವತ್ತು ರಾತ್ರಿ ನಾನು ಅತ್ತೆ ಕಣೇ" ಎಂದರು. "ಮಾರ್ಕ್ಸಿಗಲ್ಲ. ನನಗೆ ಪಾಠ ಮಾಡೋಕೆ ಬರಲ್ಲ, ಈ ಕೆಲಸ ನನಗೆ ಆಗಲ್ಲ ಅಂದುಕೊಂಡೆ. ಒಬ್ಬಳಿಗಾದರೂ ಗೊತ್ತಿತ್ತು ಅಂತ ಈಗ ಗೊತ್ತಾಯ್ತಲ್ಲ, ಅಷ್ಟು ಸಾಕು." ಆಮೇಲೆ, "ನಿನ್ನ ಆಲೂಗಡ್ಡೆ ಚೀಲ ನನಗೆ ಒಂದು ಕೊಡ್ತೀಯಾ? ಪಾಠಕ್ಕೆ ಬೇಕು" ಎಂದರು.

ಸೆಪ್ಟೆಂಬರಿನಲ್ಲಿ ಸಾರ್ ಎರಡನೇ ಸಲ ಬಂದಾಗ ನಡೆದದ್ದು ನಿಮಗೆ ನೆನಪಿರಬಹುದು. ಶೇಕಡಾ ಪಾಠ. ಮೇಜಿನ ಮೇಲೆ ನಮ್ಮ ಮನೆಯ ಗೋಣಿಚೀಲ. "50 ಕೆ.ಜಿ.ಯಲ್ಲಿ ಚೀಲದ ತೂಕ 1 ಕೆ.ಜಿ. ಶೇಕಡಾ ಎಷ್ಟು?" ಮಿಸ್ಸು ಲೆಕ್ಕ ಮಾಡಿ ಶೇ. 2 ಎಂದು ಬರೆದರು. ತಕ್ಷಣ ಹಿಂದಿನ ಬೆಂಚಿನಿಂದ, ಮೈನಸ್ ಮಿಸ್ಸು ಎಂದು ಹೆಸರಿಟ್ಟವನೇ ಎದ್ದು ನಿಂತು, "ತಪ್ಪು ಮಿಸ್!" ಎಂದ. ಕ್ಲಾಸೆಲ್ಲ ಉಸಿರು ಹಿಡಿಯಿತು. "ಚೀಲ 900 ಗ್ರಾಂ ಮಿಸ್, ಇವಳೇ ಹೇಳಿದ್ಲು. ಹಂಗಾದ್ರೆ ಶೇಕಡಾ 1.8." ಮಿಸ್ಸಿನ ಮುಖ ಅರಳಿತು. "ನನ್ನ ಲೆಕ್ಕ ಸರಿ, ಚೀಲ ತಪ್ಪು. ಬಾ, ಬೋರ್ಡಿನ ಮೇಲೆ ಮಾಡಿ ತೋರಿಸು" ಎಂದು ಸೀಮೆಸುಣ್ಣ ಅವನ ಕೈಗೆ ಕೊಟ್ಟರು. ಹಿಂದೆ ಕೂತಿದ್ದ ಸಾರ್ ಜೋರಾಗಿ ನಕ್ಕು, ಅವರ ಪುಸ್ತಕದಲ್ಲಿ ಏನೋ ಬರೆದರು. ಏನು ಬರೆದರೆಂದು ನಾನು ನೋಡಲಿಲ್ಲ. ಮಿಸ್ಸಿನ ಮುಖ ನೋಡಿದ್ದೇ ಸಾಕಾಯಿತು.

ಗೆಳೆಯರೇ, ಮುಂದೆ ಬೇರೆ ಟ್ರೈನಿಂಗ್ ಮೇಷ್ಟ್ರುಗಳು ನಮ್ಮ ಶಾಲೆಗೆ ಬರಬಹುದು. ಅವರು ಮೂರು ಬಸ್ಸು ಹತ್ತಿ, ರಾತ್ರಿ ನಿದ್ದೆಗೆಟ್ಟು, ನಮ್ಮ ಉತ್ತರಗಳನ್ನೂ ತಾವೇ ಯೋಚಿಸಿ ಬರೆದುಕೊಂಡು ಬರುತ್ತಾರೆ. ಅರ್ಥವಾಗದಿದ್ದರೆ "ಆಯ್ತು ಮಿಸ್" ಎನ್ನಬೇಡಿ. ತಪ್ಪು ಕಂಡರೆ ಕೈ ಎತ್ತಿ. ನಮ್ಮದೇ ತಪ್ಪಾದರೆ ಕಿವಿ ಬಿಸಿಯಾಗುತ್ತದೆ, ಆಮೇಲೆ ತಣ್ಣಗಾಗುತ್ತದೆ. ನಾನು ನೋಡಿದ್ದೇನೆ.

ಅಂದು ಜೋರಾಗಿ "ಆಯ್ತು ಮಿಸ್" ಎಂದವಳು ನಾನೇ. ಇವತ್ತು ನಿಮಗೂ ಹೇಳಿದೆ. ನನ್ನ ಋಣದಲ್ಲಿ ಸ್ವಲ್ಪ ಕಳೆಯಿತು.

ಒಗಟು: ವ್ಯಾಪಾರಿ ಚೀಲಕ್ಕೆ 1 ಕೆ.ಜಿ. ಕಳೆದರು. ಬರಿ ಚೀಲ ತೂಗಿದ್ದು 900 ಗ್ರಾಂ. 18 ಚೀಲ, ಕೆ.ಜಿ.ಗೆ 20 ರೂಪಾಯಿ. ಹಾಗಾದರೆ ಮಣ್ಣಿನ ಹೆಸರಿನಲ್ಲಿ ಹೋದ ದುಡ್ಡು ಎಷ್ಟು? ಉತ್ತರವನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ. ನನ್ನ ಒಗಟಿನಲ್ಲೇ ತಪ್ಪಿದ್ದರೆ ದಯವಿಟ್ಟು ಬಂದು ಹೇಳಿ.

— 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ